ಭತ್ತದ ಹುಲ್ಲಿಗೆ ಯೂರಿಯಾ ನೀರು: ಅಳತೆ, ಮುಚ್ಚಿಗೆ, 21 ದಿನ

ಡಿಸೆಂಬರ್ ಹೊತ್ತಿಗೆ ಹರಿಹರ, ಮಲೇಬೆನ್ನೂರು ಕಡೆ ಬಂದು ನೋಡಿ, ಎಲ್ಲಿ ನೋಡಿದರೂ ಹುಲ್ಲು. ಕಟಾವು ಮಿಷನ್ ಹಿಂದೆಯೇ ಪೆಂಡಿ ಕಟ್ಟುವ ಮಿಷನ್, ರಸ್ತೆ ತುಂಬಾ ಪೆಂಡಿ ಹೇರಿಕೊಂಡ ಟ್ರ್ಯಾಕ್ಟರ್. ಅದೂ ಯಾಕೆ ಬೇಕು ಅಂತ ಕೆಲವರು ಗದ್ದೆಯಲ್ಲೇ ಬೆಂಕಿ ಇಡುತ್ತಾರೆ. ಅಲ್ಲಿಂದ ಜಗಳೂರು ದಾಟಿ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಹೋದರೆ ಇದೇ ಹುಲ್ಲನ್ನು ಲಾರಿ ಬಾಡಿಗೆ ಕೊಟ್ಟು ತರಿಸಿಕೊಳ್ಳುತ್ತಾರೆ. ಮಳೆ ಕೈಕೊಟ್ಟ ವರ್ಷ ಅಲ್ಲಿ ದೇವರ ಎತ್ತುಗಳಿಗೂ ಮೇವಿಗೆ ಪರದಾಟ. ಆದರೆ ಒಂದು ಮಾತು ಎರಡೂ ಕಡೆ ಒಂದೇ: ಇಡೀ ದಿನ ಒಣಹುಲ್ಲು ಮೆಲ್ಲುವ ದನ ಬೇಸಿಗೆ ಬರುವಷ್ಟರಲ್ಲಿ ಪಕ್ಕೆಲುಬು ಎಣಿಸುವ ಹಾಗೆ ಆಗಿರುತ್ತದೆ.

ಹೊಟ್ಟೆ ತುಂಬಿದೆ, ಆದರೆ ಮೈಗೆ ಹತ್ತಿಲ್ಲ. ಯಾಕೆ ಅನ್ನೋದು ಗೊತ್ತಾದರೆ ಮುಂದಿನ ಕೆಲಸ ಸುಲಭ, ಅದಕ್ಕೆ ಮೊದಲು ಸ್ವಲ್ಪ ಅದನ್ನೇ ಹೇಳುತ್ತೇನೆ. ಅವಸರ ಇದ್ದವರು ಅಳತೆ ಇರುವ ಜಾಗಕ್ಕೆ ಹೋಗಬಹುದು, ಆದರೆ ಯೂರಿಯಾ ನೀರಿನ ಎಚ್ಚರಿಕೆ ಓದದೆ ಮಾತ್ರ ಹೋಗಬೇಡಿ.

ಆಕಳು, ಎಮ್ಮೆ ಹುಲ್ಲನ್ನು ತಾವೇ ಜೀರ್ಣ ಮಾಡಿಕೊಳ್ಳುವುದಿಲ್ಲ. ಅವುಗಳ ದೊಡ್ಡ ಹೊಟ್ಟೆಯಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ, ಹುಲ್ಲನ್ನು ಕರಗಿಸುವುದು ಅವು. ನಾವು ಗೋದಲಿಗೆ ಹಾಕುವುದು ದನಕ್ಕಲ್ಲ, ಮೊದಲು ಅವಕ್ಕೆ. ಅವು ಬೆಳೆಯಬೇಕಾದರೆ ಸಾರಜನಕ ಬೇಕು, ಅದು ಸಿಗುವುದು ಮೇವಿನ ಪ್ರೋಟೀನಿನಿಂದ. ಒಟ್ಟು ಮೇವಿನಲ್ಲಿ ಸುಮಾರು ಶೇ 7ರಷ್ಟಾದರೂ ಪ್ರೋಟೀನ್ ಇಲ್ಲದಿದ್ದರೆ ಅವು ಸೋಮಾರಿ ಆಗುತ್ತವೆ. ಭತ್ತದ ಹುಲ್ಲಿನಲ್ಲಿ ಇರುವುದು ಶೇ 3ರಿಂದ 4 ಅಷ್ಟೇ. ಹಾಗಾಗಿ ತಿಂದ ಹುಲ್ಲು ಹೊಟ್ಟೆಯಲ್ಲೇ ಕೂತಿರುತ್ತದೆ, ಜಾಗ ಖಾಲಿ ಆಗುವುದಿಲ್ಲ, ದನ ಮತ್ತೆ ಬಾಯಿ ಹಾಕುವುದಿಲ್ಲ. ನಾವು "ಹೊಟ್ಟೆ ತುಂಬೈತೆ ಬಿಡು" ಅಂದುಕೊಳ್ಳುತ್ತೇವೆ.

ಎರಡನೇ ತೊಂದರೆ ಹುಲ್ಲಿನ ಗಟ್ಟಿತನ. ಹುಲ್ಲಿನ ಒಳಗೆ ಶಕ್ತಿ ಇಲ್ಲ ಅಂತಲ್ಲ, ಇದೆ, ಆದರೆ ಲಿಗ್ನಿನ್ ಅನ್ನುವ ಮರದಂಥ ಪದಾರ್ಥ ಅದನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಭತ್ತದ ಹುಲ್ಲಿನಲ್ಲಿ ಇದರ ಮೇಲೆ ಸಿಲಿಕಾ ಬೇರೆ, ಮರಳಿನಲ್ಲಿ ಇರುತ್ತದಲ್ಲ ಅದೇ. ಒಂದು ವಿಚಿತ್ರ ಕೇಳಿ. ಬೇರೆ ಬೆಳೆಯಲ್ಲಿ ಎಲೆ ಒಳ್ಳೆಯದು, ದಂಟು ಕೆಟ್ಟದ್ದು. ಭತ್ತದಲ್ಲಿ ತಿರುಗುಮುರುಗು, ಸಿಲಿಕಾ ಎಲೆಯಲ್ಲೇ ಜಾಸ್ತಿ, ದಂಟೇ ಚೆನ್ನಾಗಿ ಜೀರ್ಣ ಆಗುತ್ತದೆ. ಕಟಾವು ಮಿಷನ್‌ನವರು ಮೊಣಕಾಲೆತ್ತರಕ್ಕೆ ಕೊಯ್ದು ಹೋದರೆ ಒಳ್ಳೇ ಭಾಗವನ್ನೇ ಕೂಳೆಯಲ್ಲಿ ಬಿಟ್ಟು ಹೋದ ಹಾಗೆ. ಕೊಯ್ಯುವಾಗಲೇ ನಿಂತು "ಇನ್ನೊಂಚೂರು ಕೆಳಗೆ ಹಿಡಿಯಪ್ಪಾ" ಅಂತ ಹೇಳಿ, ದುಡ್ಡು ಕೇಳದ ಉಪಾಯ ಇದು. ಮಿಷನ್ ಓಡಿಸುವವರಿಗೆ ಇದು ಇಷ್ಟ ಇರುವುದಿಲ್ಲ, ಅದೂ ಗೊತ್ತು.

ಈ ಎರಡು ತೊಂದರೆಗೂ ಒಂದೇ ಔಷಧಿ ಅಮೋನಿಯಾ. ಒದ್ದೆ ಹುಲ್ಲಿನ ಜೊತೆ ಯೂರಿಯಾವನ್ನು ಗಾಳಿ ಆಡದ ಹಾಗೆ ಮುಚ್ಚಿಟ್ಟರೆ, ಹುಲ್ಲಿನಲ್ಲೇ ಇರುವ ಸೂಕ್ಷ್ಮಜೀವಿಗಳು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಆ ಗಾಳಿ ಹುಲ್ಲಿನೊಳಗೆ ನುಗ್ಗಿ ಲಿಗ್ನಿನ್ ಹಿಡಿತವನ್ನು ಸಡಿಲ ಮಾಡುತ್ತದೆ. ಒಂದಿಷ್ಟು ಸಾರಜನಕ ಹುಲ್ಲಿನಲ್ಲೇ ಉಳಿಯುತ್ತದೆ. ಪ್ರೋಟೀನ್ ಶೇ 7ರಿಂದ 8ಕ್ಕೆ ಬರುತ್ತದೆ, ಹುಲ್ಲು ಮೆತ್ತಗಾಗುತ್ತದೆ, ದನ ಜಾಸ್ತಿ ತಿನ್ನುತ್ತದೆ, ತಿಂದದ್ದು ಜಾಸ್ತಿ ಅರಗುತ್ತದೆ.

ನಾನು ಮೊದಲ ಸಲ ಇದನ್ನು ಮಾಡಲು ಹೊರಟಾಗ ಅವ್ವ ಹೇಳಿದ್ದು, "ಹೊಲಕ್ಕೆ ಹಾಕೋ ಗೊಬ್ಬರ ದನಕ್ಕೆ ಹಾಕ್ತೀಯೇನೋ, ಬುದ್ಧಿ ನೆಟ್ಟಗೈತಾ?" ಅವಳ ಭಯ ಸುಮ್ನೆ ಅಲ್ಲ. ಯೂರಿಯಾ ಹಾಗೇ ತಿಂದರೆ ದನ ಸಾಯುತ್ತದೆ. 21 ದಿನ ಮುಚ್ಚಿಟ್ಟ ಹುಲ್ಲಿನಲ್ಲಿ ಇರುವುದು ಬೇರೆ. ಅಳತೆ ಮತ್ತು ಮುಚ್ಚಿಗೆ, ಈ ಎರಡರಲ್ಲಿ ಮೋಸ ಮಾಡಿಕೊಳ್ಳದವರಿಗೆ ಮಾತ್ರ ಈ ಕೆಲಸ.

ಅಳತೆ

100 ಕೆಜಿ ಒಣಹುಲ್ಲಿಗೆ 4 ಕೆಜಿ ಯೂರಿಯಾ, 50 ಲೀಟರ್ ನೀರು. ಇದನ್ನು ಕೊಟ್ಟಿಗೆ ಗೋಡೆ ಮೇಲೆ ಇದ್ದಲಿನಲ್ಲಿ ಬರೆದಿಡಿ.

ಪೆಂಡಿ ಲೆಕ್ಕದಲ್ಲಿ ಮಾಡಬೇಡಿ. ಪೆಂಡಿ ಒಂದೊಂದು ಮಿಷನ್‌ದು ಒಂದೊಂದು ತೂಕ, ಬಿಗಿಯೂ ಬೇರೆ. ನಾಲ್ಕೈದು ಪೆಂಡಿ ತೂಕ ಹಾಕಿ ಸರಾಸರಿ ತೆಗೆಯಿರಿ, ಆಮೇಲೆ ಎಷ್ಟು ಪೆಂಡಿಗೆ 100 ಕೆಜಿ ಅಂತ ಲೆಕ್ಕ ಸಿಗುತ್ತದೆ. ಯೂರಿಯಾವನ್ನು ಮಾತ್ರ ಪ್ರತಿ ಸಲ ತಕ್ಕಡಿಯಲ್ಲೇ ತೂಗಿ. "ಒಂದು ಸೇರು ಹೆಚ್ಚಿಗೆ ಹಾಕಿದ್ರೆ ಇನ್ನೂ ಶಕ್ತಿ" ಅನ್ನುವ ಯೋಚನೆ ಬಂದರೆ ಆ ದಿನ ಕೆಲಸ ಬಿಟ್ಟು ಮಲಗಿಕೊಳ್ಳಿ.

ನೀರು 50 ಲೀಟರ್ ಯಾಕೆ ಅಂದರೆ, ಒಣಹುಲ್ಲಿನಲ್ಲಿ ಮೊದಲೇ ಶೇ 10ರಷ್ಟು ತೇವ ಇರುತ್ತದೆ. ಅದಕ್ಕೆ 50 ಲೀಟರ್ ಸೇರಿದರೆ ಒಟ್ಟು ತೇವ ಸುಮಾರು ಶೇ 40 ಆಗುತ್ತದೆ. ಅಷ್ಟಿದ್ದರೆ ಯೂರಿಯಾ ಸರಿಯಾಗಿ ಒಡೆಯುತ್ತದೆ, ಗುಡ್ಡೆಯೂ ಚೆನ್ನಾಗಿ ಕೂರುತ್ತದೆ. ನೀರು ಕಮ್ಮಿ ಆದರೆ ಯೂರಿಯಾ ಒಡೆಯದೆ ಹಾಗೇ ಉಳಿಯುತ್ತದೆ, ಅದು ಅಪಾಯ. ಜಾಸ್ತಿ ಆದರೆ ಅಡಿಗೆ ಇಳಿದು ಅಡಿಯ ಪದರದಲ್ಲೇ ಯೂರಿಯಾ ಸೇರಿಕೊಳ್ಳುತ್ತದೆ, ಅದೂ ಅಪಾಯ. ಹುಲ್ಲು ಮೊದಲೇ ಹಸಿ ಇದ್ದರೆ, ಮುಖ್ಯವಾಗಿ ಬೇಸಿಗೆ ಭತ್ತದ ಕೊಯ್ಲು ಮುಗಿಯುವಾಗ ಮೇ ಮಳೆ ಬಿದ್ದಿದ್ದರೆ, ನೀರು 40 ಲೀಟರಿಗೆ ಇಳಿಸಿ. ಯೂರಿಯಾ ಅಷ್ಟೇ ಇರಲಿ. ಈ ಮೇ ತಿಂಗಳ ಹುಲ್ಲಿಗೆ ಈ ಕೆಲಸದಿಂದ ಇನ್ನೊಂದು ಲಾಭವೂ ಇದೆ, ಅಮೋನಿಯಾ ಇರುವ ಕಡೆ ಬೂಷ್ಟು ಸುಲಭಕ್ಕೆ ಬೆಳೆಯುವುದಿಲ್ಲ. ಒಣಗಿಸಲು ಬಿಸಿಲಿಲ್ಲದೆ ಬಣವೆಯಲ್ಲಿ ಕೊಳೆಯುವ ಹುಲ್ಲು ಉಳಿದುಕೊಳ್ಳುತ್ತದೆ. ಆದರೆ ಆಗಲೇ ಬೂಷ್ಟು ಹಿಡಿದು ಕಪ್ಪಾಗಿದ್ದರೆ ಬೇಡ, ತಿಪ್ಪೆಗೆ ಹಾಕಿ. ಬೂಷ್ಟಿನ ವಿಷ ಯೂರಿಯಾದಿಂದ ಹೋಗುತ್ತದೆ ಅಂತ ನಂಬಿ ತಿನ್ನಿಸಬೇಡಿ.

ಖರ್ಚಿನ ಲೆಕ್ಕ ಇಷ್ಟು. 45 ಕೆಜಿ ಯೂರಿಯಾ ಚೀಲ ₹266.50. ಅಂದರೆ ಕೆಜಿಗೆ ಸುಮಾರು ಆರು ರೂಪಾಯಿ. 100 ಕೆಜಿ ಹುಲ್ಲಿಗೆ ₹24. ಪ್ರೋಟೀನ್ ಲೆಕ್ಕದಲ್ಲಿ ಆ 100 ಕೆಜಿಗೆ ಸುಮಾರು 4 ಕೆಜಿ ಸೇರುತ್ತದೆ, ಕಾಗದದ ಮೇಲೆ ಅದು ಹತ್ತು ಕೆಜಿ ಶೇಂಗಾ ಹಿಂಡಿಗೆ ಸಮ. ಕಾಗದದ ಮೇಲೆ ಅಂತ ಒತ್ತಿ ಹೇಳುತ್ತಿದ್ದೇನೆ. ಇದು ನಿಜವಾದ ಪ್ರೋಟೀನ್ ಅಲ್ಲ, ಸಾರಜನಕ. ಹೊಟ್ಟೆಯ ಸೂಕ್ಷ್ಮಜೀವಿಗಳು ಅದರಿಂದ ಪ್ರೋಟೀನ್ ಮಾಡಿಕೊಳ್ಳುತ್ತವೆ, ಅದಕ್ಕೂ ಒಂದು ಮಿತಿ ಇದೆ. ಹತ್ತು ಲೀಟರ್ ಕರೆಯುವ ಎಚ್‌ಎಫ್ ಅನ್ನುವ ವಿದೇಶಿ ತಳಿಯ ಹಸುವಿಗೆ ಹಿಂಡಿ ನಿಲ್ಲಿಸಿ ಬರೀ ಈ ಹುಲ್ಲು ಹಾಕಿದರೆ ವಾರದಲ್ಲೇ ಡೇರಿಯಲ್ಲಿ ನಿಮ್ಮ ಕ್ಯಾನು ಹಗುರ ಆಗುತ್ತದೆ.

ನೇಮ್ ಕೋಟೆಡ್, ಅಂದರೆ ಬೇವಿನೆಣ್ಣೆ ಸವರಿದ ಯೂರಿಯಾ ನಡೆಯುತ್ತಾ ಅಂತ ಎಲ್ಲರೂ ಕೇಳುತ್ತಾರೆ. 2015ರಿಂದ ನಮ್ಮ ದೇಶದಲ್ಲಿ ರೈತರಿಗೆ ಸಿಗುವುದು ಬಹುಪಾಲು ಅದೇ. ನಾನು ಅದರಲ್ಲೇ ಮಾಡುತ್ತಿದ್ದೇನೆ, ಕರಗಲು ಸ್ವಲ್ಪ ಜಾಸ್ತಿ ಕಲಕಬೇಕು, ಅಷ್ಟೇ.

ಯೂರಿಯಾ ನೀರಿನ ಹತ್ತಿರ ದನ ಬರಬಾರದು

ಇದನ್ನು ಗುಡ್ಡೆ ಹಾಕುವ ವಿಷಯಕ್ಕಿಂತ ಮೊದಲೇ ಹೇಳುತ್ತಿದ್ದೇನೆ. ನಮ್ಮೂರಲ್ಲೇ ಒಬ್ಬರ ಮನೆಯಲ್ಲಿ ಆಗಿದ್ದು. ಹುಲ್ಲಿಗೆ ಚಿಮುಕಿಸಿ ಉಳಿದ ಅರ್ಧ ಬಕೆಟ್ ನೀರನ್ನು ಕೊಟ್ಟಿಗೆ ಬಾಗಿಲಲ್ಲಿಟ್ಟು ಚಾ ಕುಡಿಯಲು ಒಳಗೆ ಹೋದರು. ಬಾಯಾರಿದ ಎಮ್ಮೆ ಹಗ್ಗ ಜಗ್ಗಿ ಬಕೆಟ್ ಖಾಲಿ ಮಾಡಿತು. ಡಾಕ್ಟರು ಬರುವ ಹೊತ್ತಿಗೆ ಮುಗಿದಿತ್ತು.

ಲೆಕ್ಕ ಹಾಕಿ ನೋಡಿ. 50 ಲೀಟರಿನಲ್ಲಿ 4 ಕೆಜಿ ಅಂದರೆ ಒಂದು ಲೀಟರಿನಲ್ಲಿ 80 ಗ್ರಾಂ. ಎರಡು ಲೀಟರ್ ಕುಡಿದರೆ 160 ಗ್ರಾಂ ಯೂರಿಯಾ ಒಂದೇ ಸಲಕ್ಕೆ ಹೊಟ್ಟೆಗೆ. ಅಭ್ಯಾಸ ಇಲ್ಲದ ದನದ ಜೀವ ತೆಗೆಯಲು ಅಷ್ಟು ಸಾಕು.

ಲಕ್ಷಣ ಬೇಗ ಕಾಣುತ್ತದೆ, ಹತ್ತಿಪ್ಪತ್ತು ನಿಮಿಷದಿಂದ ಕೆಲವು ಗಂಟೆ ಒಳಗೆ. ಹೊಟ್ಟೆ ಉಬ್ಬರ, ಬಾಯಲ್ಲಿ ಜೊಲ್ಲು ನೊರೆ, ಮೈ ನಡುಕ, ತೂರಾಡುವುದು, ಉಸಿರು ಏರುವುದು, ಆಮೇಲೆ ಬಿದ್ದು ಒದ್ದಾಡುವುದು. ಮೊದಲು ಡಾಕ್ಟರಿಗೆ ಫೋನ್, ಅವರು ಸಿಗದಿದ್ದರೆ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ. ಅಡುಗೆಗೆ ಬಳಸುವ ವಿನೆಗರ್ ದೊಡ್ಡ ದನಕ್ಕೆ 2ರಿಂದ 6 ಲೀಟರಿನಷ್ಟು, ಜೊತೆಗೆ ಜಾಸ್ತಿ ತಣ್ಣೀರು, ಹೊಟ್ಟೆಗೆ ಹೋಗಬೇಕು. ಹುಳಿ ಅಮೋನಿಯಾದ ಆರ್ಭಟ ತಗ್ಗಿಸುತ್ತದೆ, ತಣ್ಣೀರು ಯೂರಿಯಾ ಒಡೆಯುವುದನ್ನು ನಿಧಾನ ಮಾಡುತ್ತದೆ. ಡಾಕ್ಟರ್ ದಾರಿಯಲ್ಲಿದ್ದರೆ ಫೋನಿನಲ್ಲೇ ಕೇಳಿಕೊಂಡು ಶುರು ಮಾಡಿ. ಬಿದ್ದ ದನಕ್ಕೆ, ನುಂಗಲು ಆಗದ ದನಕ್ಕೆ ಮಾತ್ರ ಗೊಟ್ಟದಲ್ಲಿ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಈ ಕೆಲಸಕ್ಕೆ ಕೈ ಹಾಕುವವರು ನಾಲ್ಕು ಬಾಟಲಿ ವಿನೆಗರ್ ಮೊದಲೇ ತಂದಿಟ್ಟುಕೊಳ್ಳಿ, ರಾತ್ರಿ ಹೊತ್ತು ಯಾವ ಅಂಗಡಿ ತೆಗೆದಿರುತ್ತದೆ ಹೇಳಿ.

ಹಾಗಾಗಿ ಎರಡು ನಿಯಮ. ಒಂದು, ನೀರು ಕಲಸುವಾಗ ದನ, ಕುರಿ, ನಾಯಿ, ಮಕ್ಕಳು ಯಾರೂ ಸುತ್ತ ಇರಬಾರದು. ಎರಡು, ಉಳಿದ ನೀರನ್ನು ಅವತ್ತೇ ತೆಂಗಿನ ಬುಡಕ್ಕೋ ಅಡಿಕೆ ಬುಡಕ್ಕೋ ಇನ್ನಷ್ಟು ನೀರು ಬೆರೆಸಿ ಹಾಕಿ, ಬಕೆಟ್ ತೊಳೆದು ಕವುಚಿ ಹಾಕಿ. ಆಮೇಲೆ ಚಾ.

ಗುಡ್ಡೆ ಹಾಕುವುದು

ಜಾಗ ಎತ್ತರದಲ್ಲಿರಲಿ, ಮಳೆ ನೀರು ನಿಲ್ಲಬಾರದು. ಎರಡು ಗೋಡೆ ಸೇರುವ ಮೂಲೆ ಸಿಕ್ಕರೆ ಅದೇ ಒಳ್ಳೆಯದು, ಎರಡು ಪಕ್ಕ ಮುಚ್ಚುವ ಕೆಲಸ ಉಳಿಯುತ್ತದೆ. ನೆಲಕ್ಕೆ ಹಳೇ ಟಾರ್ಪಾಲಿನೋ ದಪ್ಪ ಪ್ಲಾಸ್ಟಿಕ್ ಹಾಳೆಯೋ ಹಾಸಿ. ರಸಗೊಬ್ಬರದ ಖಾಲಿ ಚೀಲ ಬಿಚ್ಚಿ ಹೊಲಿದು ಹಾಸುವವರೂ ಇದ್ದಾರೆ, ನಡೆಯುತ್ತದೆ, ಚೀಲ ಚೆನ್ನಾಗಿ ತೊಳೆದಿರಬೇಕು.

100 ಕೆಜಿ ಹುಲ್ಲನ್ನು ಐದು ಪಾಲು ಮಾಡಿ. 20 ಕೆಜಿ ಹರಡಿ, ಅದರ ಮೇಲೆ 10 ಲೀಟರ್ ಯೂರಿಯಾ ನೀರು. ಮತ್ತೆ 20 ಕೆಜಿ, ಮತ್ತೆ 10 ಲೀಟರ್. ಈ ಪದರದ ಲೆಕ್ಕ ತಪ್ಪಬೇಡಿ, ಯಾಕೆಂದರೆ ಒಟ್ಟು ಅಳತೆ ಸರಿ ಇದ್ದೂ ಒಂದು ಕಡೆ ಜಾಸ್ತಿ ಬಿದ್ದರೆ ಆ ಭಾಗ ತಿಂದ ದನಕ್ಕೆ ಒಟ್ಟು ಅಳತೆಯ ಉಪಯೋಗ ಏನು? ನರ್ಸರಿಯಲ್ಲಿ ಸಸಿಗೆ ನೀರು ಹಾಕುವ ತೂತಿನ ಡಬ್ಬಿ ಇದಕ್ಕೆ ಸರಿ. ಔಷಧಿ ಹೊಡೆಯುವ ಸ್ಪ್ರೇಯರ್ ಮಾತ್ರ ಬೇಡ, ಎಷ್ಟೇ ತೊಳೆದರೂ ಒಳಗೆ ಕೀಟನಾಶಕ ಉಳಿದಿರುತ್ತದೆ. ಯೂರಿಯಾ ಪೂರ್ತಿ ಕರಗಿರಬೇಕು, ತಳದಲ್ಲಿ ಒಂದು ಕಾಳೂ ಕಾಣಬಾರದು. ಕಲಕುವಾಗ ನೀರು ತಣ್ಣಗಾಗುತ್ತದೆ, ಗಾಬರಿ ಬೇಡ, ಅದರ ಗುಣವೇ ಅದು.

ಪ್ರತಿ ಪದರ ತುಳಿಯಿರಿ. ಇದೇ ಕೆಲಸದ ಬೆವರಿನ ಭಾಗ. ಮನೆಯ ದೊಡ್ಡ ಹುಡುಗರನ್ನು ಹತ್ತಿಸಿ ಕುಣಿಸಿದರೆ ಬೇಗ ಆಗುತ್ತದೆ, ಆದರೆ ಕಾಲಿಗೆ ಬೂಟು ಇರಲಿ, ಗಾಯ ಇದ್ದರೆ ಉರಿಯುತ್ತದೆ. ಹುಲ್ಲಿನ ಮಧ್ಯೆ ಗಾಳಿ ಉಳಿದಷ್ಟೂ ಬೂಷ್ಟಿಗೆ ಜಾಗ. ಚಾಫ್ ಕಟರ್‌ನಲ್ಲಿ ಒಂದೆರಡು ಇಂಚಿಗೆ ಕತ್ತರಿಸಿದ ಹುಲ್ಲು ತುಂಬಾ ಚೆನ್ನಾಗಿ ಕೂರುತ್ತದೆ. ಕತ್ತರಿಸದೆಯೂ ಮಾಡಬಹುದು. ಪೆಂಡಿಯನ್ನು ಬಿಚ್ಚದೆ ಹಾಗೇ ಜೋಡಿಸಿ ಮೇಲೆ ನೀರು ಹೊಯ್ದರೆ ಮಾತ್ರ ಒಳಗೆ ಇಳಿಯುವುದಿಲ್ಲ, ಬಿಚ್ಚಿ ಹರಡಲೇಬೇಕು.

ಗುಡ್ಡೆ ತೀರಾ ಚಿಕ್ಕದು ಬೇಡ. 100 ಕೆಜಿ ಗುಡ್ಡೆಯಲ್ಲಿ ಅಂಚೇ ಜಾಸ್ತಿ, ಅಂಚಿನಲ್ಲೇ ಅಮೋನಿಯಾ ತಪ್ಪಿಸಿಕೊಳ್ಳುವುದು. ಐದು ಕ್ವಿಂಟಲ್‌ನಿಂದ ಒಂದು ಟನ್‌ವರೆಗೆ ಒಟ್ಟಿಗೆ ಹಾಕಿದರೆ ಶ್ರಮಕ್ಕೆ ತಕ್ಕ ಫಲ. ಒಂದೇ ಆಕಳು ಇರುವವರು ಸೈಲೇಜ್ ಚೀಲ, ಅಂದರೆ ಹಸಿ ಮೇವನ್ನು ಗಾಳಿ ಆಡದ ಹಾಗೆ ಕಟ್ಟಿಡುವ ಚೀಲ ತಂದು ಅದರಲ್ಲೇ ತುಂಬಿ ಬಾಯಿ ಬಿಗಿಯಾಗಿ ಕಟ್ಟಬಹುದು.

ಮೇಲೆ ಗುಮ್ಮಟದ ಹಾಗೆ ಎತ್ತರಿಸಿ, ಪ್ಲಾಸ್ಟಿಕ್ ಹೊದಿಸಿ, ಅಡಿಯ ಹಾಳೆಯ ಅಂಚನ್ನೂ ಮೇಲಿನ ಹಾಳೆಯ ಅಂಚನ್ನೂ ಸೇರಿಸಿ ಸುತ್ತಿ, ಸುತ್ತಲೂ ಮಣ್ಣು ಏರಿಸಿ. ಬರೀ ಕಲ್ಲು ಹೇರಿದರೆ ಸಾಲದು, ಕಲ್ಲು ಕಲ್ಲಿನ ನಡುವೆ ಗಾಳಿ ಬರುತ್ತದೆ. ನಾನು ಮೊದಲ ವರ್ಷ ಮಾಡಿದ ತಪ್ಪು ಇದೇ. ಕಲ್ಲಿಟ್ಟು ಬಿಟ್ಟೆ, ಮೂರು ದಿನ ಕೊಟ್ಟಿಗೆ ಹತ್ತಿರ ಹೋದರೆ ಕಣ್ಣುರಿ. "ಆಹಾ, ಎಷ್ಟು ಘಾಟು, ಚೆನ್ನಾಗಿ ಕೆಲಸ ಮಾಡ್ತಾ ಇದೆ" ಅಂದುಕೊಂಡೆ. ಆ ಘಾಟು ಹೊರಗೆ ಬಂತು ಅಂದರೆ ನನ್ನ ಯೂರಿಯಾ ಗಾಳಿಗೆ ಹೋಗ್ತಾ ಇದೆ ಅಂತ ಹೊಳೆದಿದ್ದು ಬಿಚ್ಚಿದ ಮೇಲೆ: ಅಂಚಿನಲ್ಲೆಲ್ಲ ಬೂಷ್ಟು, ಮಧ್ಯದಲ್ಲಿ ಮಾತ್ರ ಬಣ್ಣ ಬದಲಾದ ಹುಲ್ಲು, ಒಟ್ಟು ಅರ್ಧಕ್ಕರ್ಧ ತಿಪ್ಪೆ ಪಾಲು. ಸರಿಯಾಗಿ ಮುಚ್ಚಿದ ಗುಡ್ಡೆ ಹತ್ತಿರ ನಿಂತರೆ ವಾಸನೆ ಬರಬಾರದು. ಬಂದರೆ ಎಲ್ಲಿಂದ ಅಂತ ಮೂಗಿನಲ್ಲೇ ಹುಡುಕಿ ಅಲ್ಲಿ ಸಗಣಿ ಕಲಸಿದ ಕೆಸರು ಮೆತ್ತಿ.

21 ದಿನ ಬಿಡಿ. ಬಿಸಿಲಿನ ದಿನಗಳಲ್ಲಿ ಎರಡು ವಾರಕ್ಕೇ ಬಹುಪಾಲು ಕೆಲಸ ಆಗಿರುತ್ತದೆ, ಚಳಿಯಲ್ಲಿ ನಿಧಾನ. ನಾನು ಯಾವ ಕಾಲಕ್ಕೂ 21ಕ್ಕಿಂತ ಮೊದಲು ಬಿಚ್ಚುವುದಿಲ್ಲ. ತಡ ಆದರೆ ನಷ್ಟ ಇಲ್ಲ, ಮುಚ್ಚಿಗೆ ಗಟ್ಟಿ ಇದ್ದರೆ ತಿಂಗಳುಗಟ್ಟಲೆ ಇರುತ್ತದೆ. ಜನವರಿಯಲ್ಲಿ ಹಾಕಿ ಮಾರ್ಚಿನಿಂದ ತೆಗೆಯುವುದು ನನ್ನ ಲೆಕ್ಕ, ಹಸಿರು ಮುಗಿಯುವುದು ಆಗಲೇ ಅಲ್ವಾ.

ಬಿಚ್ಚುವುದು, ತಿನ್ನಿಸುವುದು

ಒಂದು ಪಕ್ಕದಿಂದ ಮಾತ್ರ ಬಿಚ್ಚಿ. ಮುಖ ಬಗ್ಗಿಸಿ ಇಣುಕಬೇಡಿ, ಘಾಟು ಒಮ್ಮೆಲೇ ಕಣ್ಣಿಗೆ ಹೊಡೆಯುತ್ತದೆ. ಹುಲ್ಲು ಹೊಂಬಣ್ಣ ಬಿಟ್ಟು ಕಂದು ಬಣ್ಣಕ್ಕೆ ತಿರುಗಿರಬೇಕು, ಹಿಂಡಿದರೆ ಮೆತ್ತಗಿರಬೇಕು. ಅವತ್ತಿಗೆ ಎಷ್ಟು ಬೇಕೋ ಅಷ್ಟು ತೆಗೆದು ಮತ್ತೆ ಮುಚ್ಚಿ. ತೆಗೆದದ್ದನ್ನು ನೆರಳಿನಲ್ಲಿ ಒಂದು ಗಂಟೆಯಾದರೂ ತೆಳ್ಳಗೆ ಹರಡಿ, ಘಾಟು ಹೋಗಲಿ. ನಾನು ಬೆಳಗಿನ ಪಾಲನ್ನು ರಾತ್ರಿಯೇ ಹರಡಿ ಮಲಗುತ್ತೇನೆ. ಬಿಳಿ, ಕಪ್ಪು ಬೂಷ್ಟು ಕಂಡರೆ ಅಷ್ಟನ್ನು ಆರಿಸಿ ಬಿಸಾಕಿ, ಜಿಪುಣತನ ಬೇಡ.

ಮೊದಲ ದಿನ ದನ ಮೂಸಿ ಮುಖ ತಿರುಗಿಸುತ್ತದೆ. ನಮ್ಮ ಎಮ್ಮೆ ಎರಡು ದಿನ ಮುಷ್ಕರ ಹೂಡಿತ್ತು. ದಿನಾ ತಿನ್ನುವ ಹುಲ್ಲಿನಲ್ಲಿ ಒಂದು ಕೆಜಿ ಬೆರೆಸಿ ಶುರು ಮಾಡಿ, ಮೇಲೆ ಒಂದು ಹಿಡಿ ಬೂಸಾ ಉದುರಿಸಿ. ವಾರ, ಹತ್ತು ದಿನದಲ್ಲಿ ಏರಿಸುತ್ತಾ ಹೋಗಿ. ಹೊಟ್ಟೆಯ ಸೂಕ್ಷ್ಮಜೀವಿಗಳೂ ಹೊಂದಿಕೊಳ್ಳಬೇಕು, ಹಾಗಾಗಿ ದನ ಇಷ್ಟಪಟ್ಟರೂ ಈ ವಾರವನ್ನು ತಪ್ಪಿಸಬೇಡಿ. ರೂಢಿ ಆದ ಮೇಲೆ ದೊಡ್ಡ ದನ ದಿನಕ್ಕೆ ಐದಾರು ಕೆಜಿ ಆರಾಮಾಗಿ ತಿನ್ನುತ್ತದೆ. ನೀರು ಯಾವಾಗಲೂ ಮುಂದೆ ಇರಲಿ.

ಆರು ತಿಂಗಳ ಒಳಗಿನ ಕರುಗಳಿಗೆ ಬೇಡ, ಅವುಗಳ ದೊಡ್ಡ ಹೊಟ್ಟೆ ಇನ್ನೂ ತಯಾರಾಗಿರುವುದಿಲ್ಲ. ಕುದುರೆ, ಕತ್ತೆ, ಹಂದಿಗೆ ಬೇಡವೇ ಬೇಡ. ಎರಡು ದಿನ ಉಪವಾಸ ಇದ್ದ ದನಕ್ಕೆ, ಕಾಯಿಲೆಯಿಂದ ಎದ್ದ ದನಕ್ಕೆ ಒಮ್ಮೆಲೇ ಹಾಕಬೇಡಿ. ಚಳ್ಳಕೆರೆ, ಹಿರಿಯೂರು ಕಡೆಯ ಕುರಿ ಸಾಕುವವರಿಗೆ ನನ್ನ ಸಲಹೆ, ಕುರಿಗೆ ಈ ಗೋಜು ಬೇಡ, ಅವು ಆರಿಸಿ ತಿನ್ನುವ ಜಾತಿ, ಶೇಂಗಾ ಬಳ್ಳಿ ಇರುವಾಗ ಇದನ್ನು ಮೂಸಿಯೂ ನೋಡುವುದಿಲ್ಲ.

ಹಾಲಿಗೆ ಯೂರಿಯಾ ಬರುತ್ತದಾ ಅನ್ನುವ ಪ್ರಶ್ನೆ ನಮ್ಮ ಡೇರಿ ಮುಂದೆ ದಿನಾ ಬೆಳಗ್ಗೆ ಕೇಳಿದ್ದೇನೆ. ಹಾಲಿನಲ್ಲಿ ಹುಟ್ಟಾ ಸ್ವಲ್ಪ ಯೂರಿಯಾ ಇದ್ದೇ ಇರುತ್ತದೆ, ಏನೇ ತಿನ್ನಿಸಿದರೂ. ಅದಕ್ಕೇ ಆಹಾರ ಸುರಕ್ಷತೆಯ ನಿಯಮದಲ್ಲೂ ಸೊನ್ನೆ ಅಂತ ಇಲ್ಲ, ಹತ್ತು ಲಕ್ಷಕ್ಕೆ 700 ಪಾಲಿನವರೆಗೆ ಅಂತ ಮಿತಿ ಇದೆ. ಅಳತೆಯಲ್ಲಿ ಮಾಡಿದ ಹುಲ್ಲು ತಿಂದ ಆಕಳ ಹಾಲಿಗೆ ತೊಂದರೆ ಇಲ್ಲ. ಹಾಲಿನ ಕ್ಯಾನಿಗೆ ಯೂರಿಯಾ ಸುರಿಯುವವರ ಕಥೆ ಬೇರೆ, ಅದು ಮೋಸ.

ಈ ಹುಲ್ಲಿನಿಂದ ಏನು ಸಿಗುತ್ತದೆ ಅಂತ ನೇರವಾಗಿ ಹೇಳುತ್ತೇನೆ. ಗೊಡ್ಡು ದನ, ಎತ್ತು, ಪಡ್ಡೆ, ದಿನಕ್ಕೆ ಎರಡು ಮೂರು ಲೀಟರ್ ಕೊಡುವ ನಾಟಿ ಆಕಳು, ಎಮ್ಮೆ, ಇವು ಬೇಸಿಗೆಯಲ್ಲಿ ಮೈ ಇಳಿಯದೆ ನಿಲ್ಲುತ್ತವೆ. ಜಾಸ್ತಿ ಹಾಲಿನ ದನಕ್ಕೆ ಹಿಂಡಿಯನ್ನು ಸ್ವಲ್ಪ ಹಿಡಿತದಲ್ಲಿ ಇಡಬಹುದು, ಬಿಡಲು ಆಗುವುದಿಲ್ಲ.

ಇನ್ನು ಎರಡು ಕೊರತೆಯನ್ನು ಯೂರಿಯಾ ತುಂಬುವುದಿಲ್ಲ. ಭತ್ತದ ಹುಲ್ಲಿನಲ್ಲಿ ಆಕ್ಸಲೇಟ್ ಅಂತ ಇದೆ, ಅದು ಸುಣ್ಣದ ಅಂಶವನ್ನು ಕಟ್ಟಿಹಾಕುತ್ತದೆ. ರಂಜಕವೂ ಕಮ್ಮಿ. ಆದ್ದರಿಂದ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, 30 ಗ್ರಾಂ ಉಪ್ಪು ಹಿಂಡಿಯಲ್ಲಿ ಸೇರಿಸಿ. ಮತ್ತೆ ಒಣಹುಲ್ಲಿನಲ್ಲಿ ಎ ವಿಟಮಿನ್ ಅನ್ನುವುದೇ ಇಲ್ಲ, ದಿನಾ ಒಂದಿಷ್ಟು ಹಸಿರು ಬೀಳಲೇಬೇಕು. ಬದುವಿನ ಗ್ಲಿರಿಸಿಡಿಯಾ, ಅಗಸೆ ಸೊಪ್ಪು, ಏನಾದರೂ. ಸುಬಾಬುಲ್ ಇದ್ದರೆ ಹಾಕಿ, ಆದರೆ ಒಟ್ಟು ಮೇವಿನ ಮೂರನೇ ಒಂದು ಪಾಲು ದಾಟಬಾರದು, ಅದರಲ್ಲಿರುವ ಮೈಮೋಸಿನ್ ಕೂದಲು ಉದುರಿಸುತ್ತದೆ.

ಯಾವ ಮೇವಿಗೆ ಬೇಡ

ಶೇಂಗಾ ಬಳ್ಳಿ, ತೊಗರಿ ಹೊಟ್ಟು, ಹುರುಳಿ ಹೊಟ್ಟು, ಅಲಸಂದೆ ಬಳ್ಳಿ, ಇವಕ್ಕೆ ಯೂರಿಯಾ ಹಾಕುವುದು ಹಬ್ಬದ ಹೋಳಿಗೆಗೆ ಉಪ್ಪು ಸುರಿದ ಹಾಗೆ. ಇವುಗಳಲ್ಲಿ ಮೊದಲೇ ಪ್ರೋಟೀನ್ ಇದೆ. ನಮ್ಮ ಅಕ್ಕನ ಮನೆ ಚಳ್ಳಕೆರೆ ಕಡೆ, ಅಲ್ಲಿ ಭಾವ ಯೂರಿಯಾ ಕೆಲಸಕ್ಕೆ ಕೈಯೇ ಹಾಕಲಿಲ್ಲ. ಎರಡು ಕೆಜಿ ಭತ್ತದ ಹುಲ್ಲಿಗೆ ಒಂದು ಕೆಜಿ ಶೇಂಗಾ ಬಳ್ಳಿ ಕತ್ತರಿಸಿ ಬೆರೆಸುತ್ತಾರೆ. ಹುಲ್ಲಿನಲ್ಲಿ ಶೇ 3.5, ಒಳ್ಳೇ ಬಳ್ಳಿಯಲ್ಲಿ ಶೇ 10 ಅಂತ ಹಿಡಿದರೆ ಎರಡೂ ಸೇರಿ ಶೇ 5.7ರ ಹತ್ತಿರ ಬರುತ್ತದೆ. ಮೇಲೆ ಅರ್ಧ ಕೆಜಿ ಹಿಂಡಿ ಬಿದ್ದರೆ ಶೇ 7 ದಾಟಿತು. ಬಳ್ಳಿ ಮನೆಯಲ್ಲೇ ಇರುವವರಿಗೆ ಇದೇ ಸರಿಯಾದ ದಾರಿ, ನನ್ನ ಗುಡ್ಡೆ ನೋಡಿ ಭಾವ ನಕ್ಕಿದ್ದರಲ್ಲಿ ತಪ್ಪಿಲ್ಲ. ಬಳ್ಳಿ ಕಿತ್ತ ಮೇಲೆ ಎಲೆ ಉದುರುವ ತನಕ ಬಿಸಿಲಿಗೆ ಬಿಡಬೇಡಿ, ಸತ್ವ ಎಲೆಯಲ್ಲೇ ಇರುವುದು.

ರಾಗಿ ಹುಲ್ಲಿಗೂ ಯೂರಿಯಾ ಮಾಡಬಹುದು, ಆದರೆ ಅದು ಮೊದಲೇ ಭತ್ತದ ಹುಲ್ಲಿಗಿಂತ ಮೇಲು, ಸುಣ್ಣದ ಅಂಶವೂ ಜಾಸ್ತಿ, ದನಕ್ಕೂ ರುಚಿ. ಹೊಸದುರ್ಗದ ಕಡೆಯವರಿಗೆ ಕತ್ತರಿಸಿ ಹಾಕಿದರೇ ಸಾಕು ಅನ್ನಿಸುತ್ತದೆ.

ಮೆಕ್ಕೆಜೋಳದ ಸೊಪ್ಪೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ದಾವಣಗೆರೆ ಜಿಲ್ಲೆಯಲ್ಲಿ ಮಳೆಗಾಲ ಅಂದರೆ ಅದೇ ಬೆಳೆ. ತೆನೆ ಮುರಿದ ಮೇಲೆ ಸೊಪ್ಪೆಯನ್ನು ತಿಂಗಳುಗಟ್ಟಲೆ ಹೊಲದಲ್ಲೇ ನಿಲ್ಲಿಸಿಬಿಡುತ್ತೇವೆ. ಎಲೆ ಗಾಳಿಗೆ ಹೋಗುತ್ತದೆ, ಉಳಿಯುವುದು ಕೋಲು. ತೆನೆ ಮುರಿದ ವಾರದಲ್ಲೇ, ಎಲೆ ಇನ್ನೂ ಅರೆಹಸಿರು ಇರುವಾಗ ಕೊಯ್ದು ನೆರಳಲ್ಲಿ ನಿಲ್ಲಿಸಿ ಒಣಗಿಸಿದರೆ ಅದೇ ಅರ್ಧ ಸುಧಾರಣೆ. ದಂಟನ್ನು ಕತ್ತರಿಸಲೇಬೇಕು, ಇಲ್ಲದಿದ್ದರೆ ದನ ಎಲೆ ಸವರಿ ಕೋಲನ್ನು ಕಾಲಡಿ ಹಾಕಿ ತುಳಿಯುತ್ತದೆ. ಪೂರ್ತಿ ಒಣಗಿದ ಸೊಪ್ಪೆಗೆ ಯೂರಿಯಾ ಅಳತೆ ಭತ್ತದ ಹುಲ್ಲಿನದೇ. ಹಸಿ ದಂಟಿಗೆ, ಸಿಹಿ ಇರುವ ದಂಟಿಗೆ ಬೇಡ. ಗುಡ್ಡೆಗೆ ಬೆಲ್ಲದ ನೀರನ್ನೂ ಸೇರಿಸಬೇಡಿ. ಸಕ್ಕರೆ ಅಂಶವೂ ಅಮೋನಿಯಾವೂ ಬಿಸಿಯಲ್ಲಿ ಕೂಡಿಕೊಂಡರೆ ದನಕ್ಕೆ ಹುಚ್ಚು ಹಿಡಿದ ಹಾಗೆ ಮಾಡಿಸುವ ವಿಷ ಹುಟ್ಟಬಹುದು. ಹಸಿ ದಂಟು ಇದ್ದರೆ ಯೂರಿಯಾ ಇಲ್ಲದೆ ಸೈಲೇಜ್ ಮಾಡಿ, ಅದು ಬೇರೆಯೇ ವಿದ್ಯೆ.

ಇದೆಲ್ಲ ಆಗದ ಮಾತು ಅನ್ನುವವರು ಕಡೇಪಕ್ಷ ಹುಲ್ಲು ಕತ್ತರಿಸಿ, ರಾತ್ರಿ ನೀರು ಚಿಮುಕಿಸಿ ಉಪ್ಪು ಬೆರೆಸಿಟ್ಟು ಬೆಳಗ್ಗೆ ಹಾಕಿ. ಸತ್ವ ಹೆಚ್ಚುವುದಿಲ್ಲ, ಆದರೆ ಧೂಳು ಕೂರುತ್ತದೆ, ದನ ಬಿಡದೆ ತಿನ್ನುತ್ತದೆ, ಗೋದಲಿ ಕೆಳಗೆ ಬಿದ್ದು ಹಾಳಾಗುವುದು ಕಮ್ಮಿ ಆಗುತ್ತದೆ.

ಮೊದಲ ಸಲ ಮಾಡುವವರು ಕಣ್ಣಾರೆ ನೋಡಿ ಮಾಡುವುದು ಒಳ್ಳೆಯದು. ದಾವಣಗೆರೆಯವರು ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ, ಚಿತ್ರದುರ್ಗದವರು ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೇಳಿ, ಇಲ್ಲವೇ ನಿಮ್ಮ ಊರಿನ ಪಶು ಆಸ್ಪತ್ರೆಯ ಡಾಕ್ಟರನ್ನೇ ಗುಡ್ಡೆ ಹತ್ತಿರ ಕರೆಯಿರಿ.

ಗುಡ್ಡೆ ಖಾಲಿ ಆದ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ತೊಳೆದು ಒಣಗಿಸಿ, ಇಲಿ ಹೋಗದ ಕಡೆ ಮಡಚಿಡಿ. ಮುಂದಿನ ವರ್ಷ ಹೊದಿಸುವ ಮೊದಲು ಬಿಸಿಲಿಗೆ ಎತ್ತಿ ಹಿಡಿದು ನೋಡಿ, ತೂತು ಇದ್ದ ಕಡೆ ಬೆಳಕು ಕಾಣುತ್ತದೆ. ಅಲ್ಲಿಗೆ ಟೇಪ್ ಹಚ್ಚಿ.